ಕಿಡಿ ಇರುವ ಇಂಜಿನ್, ಕಿಡಿ ಇಲ್ಲದ ಇಂಜಿನ್



ರಾಮನಗರದಿಂದ ಮಾಗಡಿಗೆ ಹೋಗುವ ದಾರಿ. ಆ ದಾರಿಯಿಂದ ಸ್ವಲ್ಪ ಒಳಗೆ ಒಂದು ಹಳ್ಳಿ. ಸುತ್ತ ಹಿಪ್ಪುನೇರಳೆ ತೋಟ, ರಾಗಿ ಹೊಲ, ಬಂಡೆ ಗುಡ್ಡ. ಹಳ್ಳಿಯಲ್ಲಿ ಒಂದು ಮಹಿಳಾ ಸಂಘ ಇದೆ. ಪ್ರತಿ ಗುರುವಾರ ಸಂಜೆ ಸಂಘದ ಸಭೆ. ಸಭೆ ಮುಗಿದ ಮೇಲೆ ಅದೇ ಜಗಲಿಯ ಮೇಲೆ ನಮ್ಮ ಓದು ಬರಹದ ತರಗತಿ.

ಒಂದು ಗುರುವಾರ ಸಭೆಯಲ್ಲಿ ಇಬ್ಬರು ಸಾಲ ಕೇಳಿದರು.

ಮೊದಲು ಕೇಳಿದವರು ಒಬ್ಬ ಅಕ್ಕ. ಅವರ ಮನೆಯಲ್ಲಿ ಪವರ್ ಟಿಲ್ಲರ್ ಇದೆ. ಅದು ಸರಿಯಾಗಿ ಸ್ಟಾರ್ಟ್ ಆಗುತ್ತಿರಲಿಲ್ಲ. ಆದರೂ ಅರ್ಧ ದಾರಿಯಲ್ಲಿ ನಿಂತು ಹೋಗುತ್ತಿತ್ತು.

"ಒಬ್ಬರು ಬಂದು ನೋಡಿದ್ರು. ಎಲೆಕ್ಟ್ರಾನಿಕ್ ಕಿಡಿ ಹಾಕಿಸ್ಬೇಕು ಅಂದ್ರು. ಹದಿನೈದು ಸಾವಿರ ಆಗ್ತದಂತೆ. ಮಳೆ ಬೀಳೋದ್ರೊಳಗೆ ಹೊಲ ಉಳಬೇಕಲ್ಲ" ಅಂದರು ಅಕ್ಕ.

ಆಮೇಲೆ ಕೇಳಿದವರು ಒಬ್ಬ ದೊಡ್ಡಮ್ಮ. ಅವರ ಕೊಟ್ಟಿಗೆಯಲ್ಲಿ ಒಂದು ಹಳೇ ಟ್ರ್ಯಾಕ್ಟರ್ ಇದೆ. ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್. ದೊಡ್ಡಪ್ಪ ತೀರಿಕೊಂಡ ಮೇಲೂ ದೊಡ್ಡಮ್ಮ ಅದನ್ನು ಮಾರಲಿಲ್ಲ. ಗೊಬ್ಬರ ಸಾಗಿಸಲು, ಕಣದಲ್ಲಿ ರಾಗಿ ಒಕ್ಕಲು ಅದೇ ಬೇಕು.

"ನಂಗೂ ಅದೇ ಎಲೆಕ್ಟ್ರಾನಿಕ್ ಕಿಡೀಗೆ ಸಾಲ ಬೇಕು ಕಣವ್ವ. ಮೋಡ ಮುಚ್ಚಿದ್ರೆ ಸಾಕು, ನಮ್ಮ ಗಾಡಿ ಎದ್ದೇಳಾಕಿಲ್ಲ" ಅಂದರು ದೊಡ್ಡಮ್ಮ.

ಸಂಘದಲ್ಲಿ ಇದ್ದ ಹಣ ಒಬ್ಬರಿಗೆ ಕೊಡುವಷ್ಟೇ. ಅದು ಎಲ್ಲರ ಉಳಿತಾಯದ ಹಣ. ಹಾಲು ಮಾರಿ, ಗೂಡು ಮಾರಿ, ಕೂಲಿ ಮಾಡಿ ಕೂಡಿಸಿದ ಹಣ. ಯಾರಿಗೆ ಕೊಡಬೇಕು? ಇಬ್ಬರೂ ಕೇಳಿದ್ದು ಒಂದೇ ವಸ್ತು. ಆ ವಸ್ತು ಏನು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಆಗ ಒಬ್ಬರು ಅಂದರು: "ಗೊತ್ತಿಲ್ಲದ ವಸ್ತೂಗೆ ದುಡ್ಡು ಯಾಕೆ ಕೊಡೋದು? ಮೊದಲು ತಿಳಿದೋರನ್ನ ಕರೆಸಿ ಕೇಳಾಣ."

ಎಲ್ಲರೂ ಒಪ್ಪಿದರು. ಮುಂದಿನ ಗುರುವಾರ ರಾಮನಗರದಿಂದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಬಂದರು. ಅವರು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಿ.

ಇಂಜಿನ್ ಎಂದರೆ ಒಂದು ಒಲೆ

"ಒಲೆ ಯಾರಿಗೆ ಗೊತ್ತಿಲ್ಲ ಹೇಳಿ?" ಅಂತ ಮೆಕ್ಯಾನಿಕ್ ಮಾತು ಶುರು ಮಾಡಿದರು. ಎಲ್ಲರೂ ನಕ್ಕರು.

ಒಲೆ ಉರಿಯಲು ಏನೇನು ಬೇಕು? ಸೌದೆ ಬೇಕು. ಗಾಳಿ ಬೇಕು. ಹಚ್ಚಲು ಬೆಂಕಿಕಡ್ಡಿ ಬೇಕು. ಇಂಜಿನ್ನಿಗೂ ಇವೇ ಮೂರು ಬೇಕು. ಸೌದೆಯ ಬದಲು ಪೆಟ್ರೋಲ್, ಸೀಮೆಎಣ್ಣೆ ಅಥವಾ ಡೀಸೆಲ್. ಗಾಳಿ ಹೊರಗಿನಿಂದ ಬರುತ್ತದೆ. ಹಚ್ಚುವುದು ಹೇಗೆ? ಅದನ್ನು ಮುಂದೆ ನೋಡೋಣ.

ಇಂಜಿನ್ನಿನ ಒಳಗೆ ದುಂಡನೆಯ ಕೊಳವೆ ಇರುತ್ತದೆ. ಅದಕ್ಕೆ ಸಿಲಿಂಡರ್ ಎನ್ನುತ್ತಾರೆ. ಅದರೊಳಗೆ ಮೇಲೆ ಕೆಳಗೆ ಆಡುವ ಒಂದು ಲೋಹದ ಬಿರಡೆ ಇರುತ್ತದೆ. ಅದಕ್ಕೆ ಪಿಸ್ಟನ್ ಎನ್ನುತ್ತಾರೆ. ಪಿಸ್ಟನ್ ನಾಲ್ಕು ಕೆಲಸ ಮಾಡುತ್ತದೆ.

ಒಂದು, ಗಾಳಿಯನ್ನು ಒಳಗೆ ಎಳೆಯುತ್ತದೆ.

ಎರಡು, ಅದನ್ನು ಒತ್ತಿ ಹಿಂಡುತ್ತದೆ.

ಮೂರು, ಒಳಗೆ ಬೆಂಕಿ ಹತ್ತುತ್ತದೆ. ಬಿಸಿ ಗಾಳಿ ಹಿಗ್ಗಿ ಪಿಸ್ಟನ್ನನ್ನು ಜೋರಾಗಿ ದೂಡುತ್ತದೆ. ಗಾಡಿಗೆ ಬಲ ಬರುವುದು ಇಲ್ಲೇ.

ನಾಲ್ಕು, ಹೊಗೆಯನ್ನು ಹೊರಗೆ ತಳ್ಳುತ್ತದೆ.

ಎಳೆ, ಒತ್ತು, ಉರಿ, ತಳ್ಳು. ಮತ್ತೆ ಎಳೆ, ಒತ್ತು, ಉರಿ, ತಳ್ಳು. ರಾಗಿ ಕಲ್ಲು ಸುತ್ತಿದ ಹಾಗೆ ಇದು ನಿಲ್ಲದೆ ನಡೆಯುತ್ತದೆ.

ಬೆಂಕಿ ಹಚ್ಚುವ ಎರಡು ಬಗೆ

ಈಗ ಮುಖ್ಯವಾದ ಮಾತು. ಒಳಗೆ ಬೆಂಕಿ ಹಚ್ಚಲು ಎರಡು ಬಗೆ ಇವೆ.

ಮೊದಲ ಬಗೆ, ಕಿಡಿ ಹೊಡೆದು ಹಚ್ಚುವುದು. ನೀವು ಗ್ಯಾಸ್ ಒಲೆ ಹಚ್ಚಲು ಲೈಟರ್ ಒತ್ತುತ್ತೀರಿ. ಟಕ್ ಎಂದು ಕಿಡಿ ಹಾರುತ್ತದೆ. ಗ್ಯಾಸ್ ಹತ್ತಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ ಕೆಲಸ ಮಾಡುವುದೂ ಹೀಗೆಯೇ. ಸಿಲಿಂಡರಿನ ತಲೆಯಲ್ಲಿ ಸ್ಪಾರ್ಕ್ ಪ್ಲಗ್ ಇರುತ್ತದೆ. ಅದರ ತುದಿಯಲ್ಲಿ ಸಣ್ಣ ಸಂದು. ಆ ಸಂದಿನಲ್ಲಿ ಕಿಡಿ ಹಾರುತ್ತದೆ. ಸ್ಕೂಟರ್, ಮೊಪೆಡ್, ಪೆಟ್ರೋಲ್ ಕಾರು, ಇವೆಲ್ಲ ಕಿಡಿ ಇರುವ ಇಂಜಿನ್ನುಗಳು. ಹಳೆಯ ಸೀಮೆಎಣ್ಣೆ ಪಂಪ್‌ಸೆಟ್ಟು ಕೂಡ ಇದೇ ಗುಂಪು.

ಎರಡನೆಯ ಬಗೆಯಲ್ಲಿ ಕಿಡಿಯೇ ಇಲ್ಲ. ಬರೀ ಒತ್ತಿ ಬಿಸಿ ಮಾಡಿ ಹಚ್ಚುವುದು. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ನೋಡಿದ್ದೀರಲ್ಲ? ಜೋರಾಗಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಹದಿನೆಂಟು ಪಾಲು ಜಾಗದ ಗಾಳಿಯನ್ನು ಸುಮಾರು ಒಂದು ಪಾಲು ಜಾಗಕ್ಕೆ ಒತ್ತುತ್ತಾರೆ. ಆಗ ಗಾಳಿಯ ಶಾಖ 500 ಡಿಗ್ರಿ ದಾಟುತ್ತದೆ. ನೀರು ಕುದಿಯಲು 100 ಡಿಗ್ರಿ ಸಾಕು. ಹಾಗಾದರೆ ಇದು ಎಷ್ಟು ಬಿಸಿ ಅಂತ ಯೋಚಿಸಿ. ಆ ಬಿಸಿ ಗಾಳಿಗೆ ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಿಸುತ್ತಾರೆ. ಅದು ತಾನೇ ಹತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಬೇಡ, ಕಿಡಿ ಬೇಡ.

ಜರ್ಮನಿ ದೇಶದ ರುಡಾಲ್ಫ್ ಡೀಸೆಲ್ ಎಂಬವರು 1897ರಲ್ಲಿ ಇಂಥ ಇಂಜಿನ್ನನ್ನು ಓಡಿಸಿ ತೋರಿಸಿದರು. ಅವರ ಹೆಸರೇ ಇಂಜಿನ್ನಿಗೂ ಬಂತು, ಎಣ್ಣೆಗೂ ಬಂತು. ಇಂದು ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹೊಲಗಳಲ್ಲಿ ಓಡುವ ಟ್ರ್ಯಾಕ್ಟರುಗಳು ಹೆಚ್ಚು ಕಡಿಮೆ ಎಲ್ಲವೂ ಡೀಸೆಲ್. ದೊಡ್ಡ ಪವರ್ ಟಿಲ್ಲರುಗಳೂ ಸಾಮಾನ್ಯವಾಗಿ ಡೀಸೆಲ್ಲೇ.

ಅಕ್ಕನಿಗೆ ಉಳಿದ ಹಣ

ಇಷ್ಟು ಕೇಳಿದ ಮೇಲೆ ಟಿಲ್ಲರಿನ ಅಕ್ಕ ತಟ್ಟನೆ ಕೇಳಿದರು: "ಹಂಗಾರೆ ನಮ್ಮ ಟಿಲ್ಲರಿಗೆ ನಾವು ಹಾಕೋದು ಡೀಸೆಲ್ಲು. ಅದ್ರಾಗೆ ಕಿಡೀನೇ ಇಲ್ವಾ?"

"ಇಲ್ಲ ಕಣಕ್ಕ" ಅಂದರು ಮೆಕ್ಯಾನಿಕ್.

"ಇಲ್ಲದ ಕಿಡೀಗೆ ಹದಿನೈದು ಸಾವಿರ ಕೊಡ್ತಿದ್ನಲ್ಲಪ್ಪ!"

ಜಗಲಿಯ ಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಸಂಘದ ಹಣ ಒಂದು ವಾರದ ಅಂತರದಲ್ಲಿ ಉಳಿದಿತ್ತು.

ಎಲ್ಲರೂ ಎದ್ದು ಟಿಲ್ಲರ್ ನೋಡಲು ಹೋದೆವು. ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಬಿಚ್ಚಿದರು. ಅದು ಕೆಸರು ಕಟ್ಟಿ ಕಪ್ಪಾಗಿತ್ತು. ನಾವು ಟೀ ಸೋಸುವ ಜರಡಿಯಲ್ಲಿ ಚರಟ ತುಂಬಿದರೆ ಟೀ ಇಳಿಯುತ್ತದೆಯೇ? ಹಾಗೆಯೇ ಇಲ್ಲಿಯೂ ಡೀಸೆಲ್ ಇಳಿಯುತ್ತಿರಲಿಲ್ಲ. ಜೊತೆಗೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡಿತ್ತು. ಹೊಸ ಫಿಲ್ಟರ್ ಹಾಕಿದರು. ಒಂದು ತಿರುಪು ಸಡಿಲಿಸಿ ಗಾಳಿ ಹೊರಗೆ ಬಿಟ್ಟರು. ಹ್ಯಾಂಡಲ್ ತಿರುಗಿಸಿದ ಕೂಡಲೇ ಟಿಲ್ಲರ್ ಗುಡುಗಿತು. ಫಿಲ್ಟರಿಗೆ, ಕೂಲಿಗೆ ಸೇರಿ ಖರ್ಚು ಒಂದು ಸಾವಿರ ಕೂಡ ದಾಟಲಿಲ್ಲ.

ಮೊದಲು ಬಂದವನು ಬೇಕೆಂದೇ ಸುಳ್ಳು ಹೇಳಿದನೋ, ತಿಳಿಯದೆ ಹೇಳಿದನೋ, ಅದು ನಮಗೆ ಬೇಡ. ನಾವು ತಿಳಿದುಕೊಂಡಿದ್ದರೆ ಎರಡರಿಂದಲೂ ಪಾರು.

ನಿಮ್ಮ ಇಂಜಿನ್ ಯಾವ ಬಗೆ?

ಬಣ್ಣ ನೋಡಿ ಹೇಳಬೇಡಿ. ವಯಸ್ಸು ನೋಡಿ ಹೇಳಬೇಡಿ. ಹೀಗೆ ನೋಡಿ:

ಇಂಜಿನ್ ನಿಂತಿರುವಾಗ, ತಣ್ಣಗಿರುವಾಗ ನೋಡಿ. ತಲೆಯ ಮೇಲೆ ಬೆರಳು ದಪ್ಪದ ರಬ್ಬರ್ ವಯರ್ ಬಂದಿದೆಯೇ? ಅದರ ತುದಿ ಬಿಳಿಯ ಪಿಂಗಾಣಿಯ ಪ್ಲಗ್ಗಿಗೆ ಸಿಕ್ಕಿಸಿದೆಯೇ? ಹಾಗಿದ್ದರೆ ಅದು ಕಿಡಿ ಇರುವ ಇಂಜಿನ್.

ವಯರ್ ಬದಲು ಸಣ್ಣ ಉಕ್ಕಿನ ಕೊಳವೆಗಳು ಬಂದಿವೆಯೇ? ಅವು ಒಂದು ಪಂಪಿನಿಂದ ಹೊರಟಿವೆಯೇ? ಹಾಗಿದ್ದರೆ ಅದು ಡೀಸೆಲ್. ಅದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ. ಎಲೆಕ್ಟ್ರಾನಿಕ್ ಕಿಡಿಯ ಪೆಟ್ಟಿಗೆಯೂ ಬೇಡ.

ಕೆಲವು ಡೀಸೆಲ್ ಇಂಜಿನ್ನಿನಲ್ಲಿ ಹೀಟರ್ ಪ್ಲಗ್ ಅಂತ ಇರುತ್ತದೆ. ಚಳಿಯಲ್ಲಿ ಸ್ಟಾರ್ಟ್ ಆಗಲು ಅದು ಒಳಗಿನ ಗಾಳಿಯನ್ನು ಕಾಯಿಸುತ್ತದೆ. ಅದು ಕೆಂಪಗೆ ಕಾಯುತ್ತದೆ ಅಷ್ಟೇ. ಕಿಡಿ ಹೊಡೆಯುವುದಿಲ್ಲ. ಹೆಸರಿನಲ್ಲಿ ಪ್ಲಗ್ ಇದೆ ಎಂದು ಮೋಸ ಹೋಗಬೇಡಿ.

ಕಿಡಿಯ ಪ್ಲಗ್ ಆಗಲಿ, ಡೀಸೆಲ್ ಚಿಮ್ಮಿಸುವ ಪಂಪ್ ಆಗಲಿ, ನಮಗೆ ದೂರದ ವಸ್ತುವಲ್ಲ. ಮೈಕೋ ಎಂಬ ಹೆಸರು ಕೇಳಿದ್ದೀರಾ? ಆ ಕಂಪನಿ 1950ರ ದಶಕದಿಂದ ಬೆಂಗಳೂರಿನ ಆಡುಗೋಡಿಯಲ್ಲಿ ಇವೆರಡನ್ನೂ ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ನಮ್ಮ ಬಿಡದಿಯಲ್ಲೂ ಅದರ ಕಾರ್ಖಾನೆ ಇದೆ.

ದೊಡ್ಡಮ್ಮನ ಟ್ರ್ಯಾಕ್ಟರ್

ಈಗ ದೊಡ್ಡಮ್ಮನ ಕೊಟ್ಟಿಗೆಗೆ ಹೋಗೋಣ. ಮೆಕ್ಯಾನಿಕ್ ಬಾನೆಟ್ ಎತ್ತಿದರು. ನಾಲ್ಕು ದಪ್ಪ ವಯರು, ನಾಲ್ಕು ಪ್ಲಗ್ಗು ಕಂಡವು.

"ಇದು ಕಿಡಿ ಇರೋ ಇಂಜಿನ್!" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಮೆಕ್ಯಾನಿಕ್ ತಲೆದೂಗಿದರು.

ಅದು ಫರ್ಗುಸನ್ ಎಂಬ ಟ್ರ್ಯಾಕ್ಟರ್. ಹ್ಯಾರಿ ಫರ್ಗುಸನ್ ಎಂಬವರ ಕಂಪನಿಗಾಗಿ ಇಂಗ್ಲೆಂಡಿನ ಕಾವೆಂಟ್ರಿ ಊರಿನಲ್ಲಿ 1946ರಿಂದ 1956ರವರೆಗೆ ಇವನ್ನು ತಯಾರಿಸಿದರು. ಐದು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರ್ ಹೊರಬಂದವು. ಎಲ್ಲಕ್ಕೂ ಅದೇ ಬೂದು ಬಣ್ಣ. ಇದರಲ್ಲಿ ಕೆಲವು ಪೆಟ್ರೋಲಿನವು. ಕೆಲವನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಂಥ ಎಣ್ಣೆಗೆ ತಿರುಗಿಸುತ್ತಿದ್ದರು. ಕೆಲವು ಡೀಸೆಲ್ ಕೂಡ ಇದ್ದವು. ಹೊರಗಿನಿಂದ ನೋಡಿದರೆ ಎಲ್ಲಾ ಒಂದೇ ಥರ. ಅದಕ್ಕೇ ಹೇಳಿದ್ದು, ಮುಖ ನೋಡಿ ಮಣೆ ಹಾಕಬೇಡಿ, ಬಾನೆಟ್ ಎತ್ತಿ ನೋಡಿ.

ಈ ಪುಟ್ಟ ಟ್ರ್ಯಾಕ್ಟರ್ ಸಾಮಾನ್ಯದ್ದಲ್ಲ. 1953ರಲ್ಲಿ ತೇನ್‌ಸಿಂಗ್ ಅವರ ಜೊತೆ ಎವರೆಸ್ಟ್ ಶಿಖರ ಏರಿದ ಹಿಲರಿ ನೆನಪಿದೆಯೇ? ಅವರೇ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದರು. ಭೂಮಿಯ ತುತ್ತ ತುದಿಯ ಹಿಮದ ಮೇಲೆ ಅವರು ಹೋದದ್ದು ಫರ್ಗುಸನ್ ಟ್ರ್ಯಾಕ್ಟರಿನಲ್ಲಿ.

ಇದನ್ನು ಕೇಳಿ ದೊಡ್ಡಮ್ಮ ಟ್ರ್ಯಾಕ್ಟರಿನ ಮೂತಿಯನ್ನು ಸೆರಗಿನಿಂದ ಒರೆಸಿದರು. "ಮಂಜಿನ ಮೇಲೆ ಓಡಿದ್ದು ಮಾಗಡಿ ಮೋಡಕ್ಕೆ ಹೆದರ್ತದಾ?" ಅಂದರು.

ಕಿಡಿ ಹುಟ್ಟುವುದು ಹೇಗೆ?

ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್ ಕರೆಂಟು. ನಮ್ಮ ಮನೆಯ ದೀಪಕ್ಕೆ ಬರುವುದು 230 ವೋಲ್ಟ್. ಆದರೆ ಪ್ಲಗ್ಗಿನ ಸಂದಿನಲ್ಲಿ ಕಿಡಿ ಹಾರಲು ಹತ್ತು, ಹದಿನೈದು ಸಾವಿರ ವೋಲ್ಟ್ ಬೇಕು. 12ರಿಂದ ಸಾವಿರಗಟ್ಟಲೆ ಹೇಗೆ ಬರುತ್ತದೆ?

ಅದಕ್ಕೆ ಕಾಯಿಲ್ ಎಂಬ ಡಬ್ಬಿ ಇದೆ. ಅದರಲ್ಲಿ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಕಾಯಿಲಿಗೆ ಕರೆಂಟು ಹರಿಯುತ್ತಾ ಇರುವಾಗ ತಟ್ಟನೆ ಕತ್ತರಿಸಬೇಕು. ಜೋರಾಗಿ ಹರಿಯುವ ನಲ್ಲಿಯನ್ನು ತಟ್ಟನೆ ತಿರುಗಿಸಿ ನಿಲ್ಲಿಸಿದರೆ ಪೈಪು ಧಡ್ ಎಂದು ಒದೆಯುತ್ತದಲ್ಲ? ಹಾಗೆ ಕಾಯಿಲ್ ಒದೆಯುತ್ತದೆ. ಆ ಒದೆತವೇ ದಪ್ಪ ವಯರಿನಲ್ಲಿ ಹೋಗಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು 1910ರ ಸುಮಾರಿಗೆ ಈ ಏರ್ಪಾಡನ್ನು ಕಾರುಗಳಿಗೆ ಹೊಂದಿಸಿದರು.

ಕರೆಂಟನ್ನು ತಟ್ಟನೆ ಕತ್ತರಿಸುವವರು ಯಾರು? ಅದೇ ಪಾಯಿಂಟ್. ಪಾಯಿಂಟ್ ಎಂದರೆ ಎರಡು ಪುಟ್ಟ ಲೋಹದ ಬಿಲ್ಲೆ. ಅವು ಮುಟ್ಟಿದರೆ ಕರೆಂಟು ಹರಿಯುತ್ತದೆ. ಬಿಟ್ಟರೆ ಕರೆಂಟು ನಿಲ್ಲುತ್ತದೆ. ಇಂಜಿನ್ ತಿರುಗಿದಂತೆ ಒಂದು ಕೋನದ ಗುಂಡು ತಿರುಗಿ ಬಿಲ್ಲೆಗಳನ್ನು ಬಿಡಿಸುತ್ತದೆ. ಬಿಡಿಸಿದಾಗ ಅವುಗಳ ನಡುವೆ ಇರುವ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಅದರ ಜೊತೆ ಕಂಡೆನ್ಸರ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ಬಿಲ್ಲೆಗಳು ಬೇಗ ಸುಡದ ಹಾಗೆ ಅದು ಕಾಯುತ್ತದೆ.

ಒಂದು ಲೆಕ್ಕ ಮಾಡೋಣ

ನಾಲ್ಕು ಸಿಲಿಂಡರಿನ ಇಂಥ ಇಂಜಿನ್ ಒಂದು ಸುತ್ತು ತಿರುಗಿದರೆ ಎರಡು ಕಿಡಿ ಬೇಕು. ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ ಎಂದುಕೊಳ್ಳೋಣ.

ಒಂದು ನಿಮಿಷಕ್ಕೆ ಎಷ್ಟು ಕಿಡಿ? 1500ನ್ನು 2ರಿಂದ ಗುಣಿಸಿ. 3000 ಕಿಡಿ.

ಒಂದು ಗಂಟೆಗೆ ಎಷ್ಟು? 3000ವನ್ನು 60ರಿಂದ ಗುಣಿಸಿ. 1,80,000 ಕಿಡಿ.

ಒಂದು ಗಂಟೆಗೆ ಒಂದು ಲಕ್ಷದ ಎಂಬತ್ತು ಸಾವಿರ ಸಲ ಆ ಪುಟ್ಟ ಬಿಲ್ಲೆಗಳು ಮುಟ್ಟಿ ಬಿಡಬೇಕು! ಸವೆಯದೆ ಇರುತ್ತವೆಯೇ? ಸುಡುತ್ತವೆ, ಗುಳಿ ಬೀಳುತ್ತವೆ. ಸಂದು ಹೆಚ್ಚು ಕಡಿಮೆಯಾಗುತ್ತದೆ. ಆಗ ಕಿಡಿ ಸಣ್ಣದಾಗುತ್ತದೆ. ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಮಳೆಗಾಲದ ತೇವ ಸೇರಿದರೆ ಕೇಳುವುದೇ ಬೇಡ. ದೊಡ್ಡಮ್ಮನ ಗಾಡಿಗೆ ಆದದ್ದು ಇದೇ. ದೊಡ್ಡಪ್ಪ ಇದ್ದಾಗ ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜಿ, ಸಂದು ಸರಿ ಮಾಡುತ್ತಿದ್ದರು. ಈಗ ಆ ಕೈಕೆಲಸ ಬಲ್ಲವರು ಊರಿನಲ್ಲಿ ಯಾರೂ ಇಲ್ಲ.

ಎಲೆಕ್ಟ್ರಾನಿಕ್ ಎಂದರೆ ಏನು?

ಎಲೆಕ್ಟ್ರಾನಿಕ್ ಎಂಬ ಮಾತು ನಮಗೆ ಹೊಸದಲ್ಲ. ಡೇರಿಯಲ್ಲಿ ಹಾಲು ತೂಗುವುದು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಹಳೆಯ ತಕ್ಕಡಿಯ ಮುಳ್ಳು ಸವೆಯುತ್ತಿತ್ತು. ಈಗ ಮುಳ್ಳೇ ಇಲ್ಲ, ಅಂಕಿ ಬೆಳಗುತ್ತದೆ. ಹಾಲು ಮಾತ್ರ ಅದೇ ಹಾಲು.

ಇಲ್ಲಿಯೂ ಹಾಗೇ. ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದುಬಿಡುತ್ತಾರೆ. ಆ ಜಾಗದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಮಾಡ್ಯೂಲ್ ಕೂರಿಸುತ್ತಾರೆ. ತಿರುಗುವ ಗುಂಡಿಗೆ ಅಯಸ್ಕಾಂತದ ಉಂಗುರ ತೊಡಿಸುತ್ತಾರೆ. ಅಯಸ್ಕಾಂತ ಹತ್ತಿರ ಬಂದದ್ದು ಮಾಡ್ಯೂಲಿಗೆ ತಿಳಿಯುತ್ತದೆ. ಅದು ಕೂಡಲೇ ಕಾಯಿಲಿನ ಕರೆಂಟು ಕತ್ತರಿಸುತ್ತದೆ. ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಮುಟ್ಟದ ವಸ್ತು ಸವೆಯುವುದೂ ಇಲ್ಲ.

ಉಳಿದುದೆಲ್ಲ ಹಳೆಯದೇ. ಪ್ಲಗ್ಗು ಅದೇ, ವಯರು ಅದೇ, ಬ್ಯಾಟರಿ ಅದೇ. ಕಾಯಿಲ್ ಹೊಂದಿದರೆ ಅದೂ ಅದೇ. ಚನ್ನಪಟ್ಟಣದ ಬೊಂಬೆ ಮಾಡುವವರು ಮೊದಲು ಕೈಯಿಂದ ಪಟ್ಟಡಿ ತಿರುಗಿಸುತ್ತಿದ್ದರು. ಆಮೇಲೆ ಮೋಟಾರು ಬಂತು. ತಿರುಗಿಸುವ ಬಗೆ ಬದಲಾಯಿತು. ಮರ, ಅರಗು, ಬೊಂಬೆ ಬದಲಾಗಲಿಲ್ಲ. ಇದೂ ಅಂಥದೇ ಬದಲಾವಣೆ.

ಇಂಗ್ಲೆಂಡ್, ಅಮೆರಿಕ ದೇಶಗಳಲ್ಲಿ ಹಳೆಯ ಟ್ರ್ಯಾಕ್ಟರುಗಳಿಗೆಂದೇ ಇಂಥ ಕಿಟ್ ಮಾಡುತ್ತಾರೆ. ನಮ್ಮಲ್ಲಿಯೂ ಇದು ನಡೆದಿದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲು ತಯಾರಾಗುತ್ತಿದ್ದವು. ಅವುಗಳಲ್ಲಿ ಪಾಯಿಂಟ್ ಇತ್ತು. ಅವನ್ನು ಇಂದಿಗೂ ಪ್ರೀತಿಯಿಂದ ಓಡಿಸುವವರು ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಹಾಕಿಸುತ್ತಾರೆ.

ಕೂಡಿಸುವ ಗುರುತು

ಸಂಘ ದೊಡ್ಡಮ್ಮನಿಗೆ ಸಾಲ ಕೊಟ್ಟಿತು. ಬೆಂಗಳೂರಿನಲ್ಲಿರುವ ಮೊಮ್ಮಗ ಕಿಟ್ ತರಿಸಿಕೊಟ್ಟ. ಹಾಕುವ ದಿನ ಎಲ್ಲರೂ ಸೇರಿದ್ದೆವು.

ಡಬ್ಬದ ಮೇಲೆ ಇಂಗ್ಲಿಷ್ ಅಕ್ಷರ. ನಮ್ಮ ಕಲಿಕೆಯ ಹೆಂಗಸರಿಗೆ ಇಂಗ್ಲಿಷ್ ಬಾರದು. ಆದರೆ ಡಬ್ಬದ ಮೇಲೆ ಒಂದು ಚಿತ್ರ ಇತ್ತು. ಬ್ಯಾಟರಿಯ ಚಿತ್ರ. ಬ್ಯಾಟರಿಯಿಂದ ಒಂದು ವಯರ್ ಗಾಡಿಯ ಕಬ್ಬಿಣಕ್ಕೆ ಹೋಗಿತ್ತು. ಆ ವಯರಿನ ಹತ್ತಿರ ಕಳೆಯುವ ಗುರುತು ಇತ್ತು.

ಒಬ್ಬ ತಂಗಿ ಡಬ್ಬ ನೋಡಿದಳು. ಟ್ರ್ಯಾಕ್ಟರಿನ ಬ್ಯಾಟರಿ ನೋಡಿದಳು. ಮತ್ತೆ ಡಬ್ಬ ನೋಡಿದಳು. ಅವಳು ಲೆಕ್ಕ ಕಲಿಯಲು ಶುರು ಮಾಡಿ ಆಗ ಎರಡು ತಿಂಗಳು.

"ಟೀಚರ್, ಇಲ್ಲಿ ಕಳೆಯೋ ಗುರುತು ಐತೆ. ಗಾಡೀಲಿ ಕಬ್ಬಿಣಕ್ಕೆ ಹೋಗಿರೋ ವಯರಿನ ತಾವ ಕೂಡಿಸೋ ಗುರುತು ಐತೆ. ಎರಡೂ ಬೇರೆ ಅಲ್ವಾ?"

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಬಗ್ಗಿ ನೋಡಿದರು. "ನೀನು ಹೇಳಿದ್ದು ಸರಿ ಕಣಮ್ಮ. ನಾನು ಬ್ಯಾಟರಿ ನೋಡೇ ಇರಲಿಲ್ಲ" ಅಂದರು.

ಬ್ಯಾಟರಿಗೆ ಎರಡು ತುದಿ. ಒಂದರ ಹತ್ತಿರ ಕೂಡಿಸುವ ಗುರುತು, ಇನ್ನೊಂದರ ಹತ್ತಿರ ಕಳೆಯುವ ಗುರುತು. ಇಂದಿನ ಗಾಡಿಗಳಲ್ಲಿ ಕಳೆಯುವ ಗುರುತಿನ ತುದಿಯನ್ನು ಗಾಡಿಯ ಮೈಗೆ ಜೋಡಿಸುತ್ತಾರೆ. ಅದಕ್ಕೆ ಅರ್ತ್ ಎನ್ನುತ್ತಾರೆ. ಆದರೆ ಆ ಕಾಲದ ಇಂಗ್ಲೆಂಡಿನ ಅನೇಕ ಗಾಡಿಗಳಲ್ಲಿ ಇದು ತಿರುಗುಮುರುಗು. ಕೂಡಿಸುವ ಗುರುತಿನ ತುದಿಯೇ ಅರ್ತ್. ಪಾಯಿಂಟಿಗೆ ಯಾವುದಾದರೂ ನಡೆಯುತ್ತದೆ. ಎಲೆಕ್ಟ್ರಾನಿಕ್ ಮಾಡ್ಯೂಲಿಗೆ ನಡೆಯುವುದಿಲ್ಲ. ತಿರುಗುಮುರುಗು ಕೊಟ್ಟರೆ ಒಂದೇ ಗಳಿಗೆಯಲ್ಲಿ ಅದು ಸುಟ್ಟು ಹೋಗಬಹುದು.

ಡಬ್ಬ ಬಿಚ್ಚಲಿಲ್ಲ. ಹಿಂದಕ್ಕೆ ಕಳಿಸಿ, ಕೂಡಿಸುವ ಗುರುತಿನ ಕಿಟ್ ತರಿಸಿದರು. ಅದನ್ನು ಹಾಕಿ, ಕಿಡಿ ಬರುವ ಹೊತ್ತನ್ನು ಮೆಕ್ಯಾನಿಕ್ ಹೊಂದಿಸಿದರು. ಸಣ್ಣಗೆ ಮಳೆ ಹನಿಯುತ್ತಿತ್ತು. ದೊಡ್ಡಮ್ಮ ತಾವೇ ಸ್ಟಾರ್ಟ್ ಮಾಡಿದರು. ಎರಡನೆಯ ಸಲಕ್ಕೆ ಗಾಡಿ ಎದ್ದಿತು.

ತೆಗೆದ ಪಾಯಿಂಟನ್ನು ದೊಡ್ಡಮ್ಮ ಎಸೆಯಲಿಲ್ಲ. ಒಂದು ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟರು. ಮೆಕ್ಯಾನಿಕ್ ಹಾಗೇ ಹೇಳಿದ್ದರು. ಯಾಕೆ ಗೊತ್ತೇ? ಪಾಯಿಂಟ್ ಕೆಟ್ಟರೆ ಹೊಲದಲ್ಲೇ ಉಜ್ಜಿ ಸರಿ ಮಾಡಬಹುದು. ಮಾಡ್ಯೂಲ್ ಕೆಟ್ಟರೆ ಉಜ್ಜಲು ಬರುವುದಿಲ್ಲ, ಹೊಸದೇ ಬೇಕು. ಹೊಸದು ಬರುವವರೆಗೆ ಹಳೆಯ ಪಾಯಿಂಟ್ ಮತ್ತೆ ಹಾಕಿ ಓಡಿಸಬಹುದು.

ಎಲ್ಲ ರೋಗಕ್ಕೂ ಇದೇ ಮದ್ದಲ್ಲ

ಎಲೆಕ್ಟ್ರಾನಿಕ್ ಹಾಕಿದರೆ ಹಳೇ ಇಂಜಿನ್ ಹೊಸದಾಗುವುದಿಲ್ಲ. ಪಿಸ್ಟನ್ ರಿಂಗ್ ಸವೆದು ಹೊಗೆ ಬರುತ್ತಿದ್ದರೆ ಅದು ನಿಲ್ಲುವುದಿಲ್ಲ. ಪೆಟ್ರೋಲಿನಲ್ಲಿ ನೀರು ಸೇರಿದ್ದರೆ ಅದು ಹೋಗುವುದಿಲ್ಲ. ಬ್ಯಾಟರಿ ಸತ್ತಿದ್ದರೆ ಈ ಕಿಟ್ಟೂ ಸುಮ್ಮನೆ ಕೂರುತ್ತದೆ. ಮೊದಲು ರೋಗ ಯಾವುದು ಅಂತ ತಿಳಿಯಬೇಕು. ಆಮೇಲೆ ಮದ್ದು.

ಗಾಡಿಯನ್ನು ವರ್ಷಕ್ಕೆ ನಾಲ್ಕು ದಿನ ಓಡಿಸುವವರಿಗೆ ಹೊಸ ಪಾಯಿಂಟ್ ಹಾಕಿಸಿದರೂ ಸಾಕು. ಅದಕ್ಕೆ ಖರ್ಚು ಕಡಿಮೆ. ದಿನವೂ ಓಡಿಸುವವರಿಗೆ, ಪಾಯಿಂಟ್ ಉಜ್ಜಲು ಬಾರದವರಿಗೆ ಎಲೆಕ್ಟ್ರಾನಿಕ್ ಒಳ್ಳೆಯದು. ಯಾವುದು ಬೇಕು ಎಂದು ತೀರ್ಮಾನ ಮಾಡುವವರು ನೀವು.

ಎಚ್ಚರ!

ಇಂಜಿನ್ ಓಡುವಾಗ ದಪ್ಪ ವಯರು ಮುಟ್ಟಬೇಡಿ. ಜೋರಾಗಿ ಷಾಕ್ ಹೊಡೆಯುತ್ತದೆ.

ಕಿಡಿ ಬರುತ್ತದೆಯೇ ಎಂದು ನೋಡುವಾಗ ಹತ್ತಿರ ಪೆಟ್ರೋಲ್ ಇರಬಾರದು. ಆ ಕೆಲಸ ಬಲ್ಲವರೇ ಮಾಡಲಿ.

ಇಂಜಿನ್ ನಿಂತಿರುವಾಗ ಕೀಲಿಯನ್ನು ಆನ್ ಮಾಡಿ ಬಿಡಬೇಡಿ. ಕಾಯಿಲೂ ಮಾಡ್ಯೂಲೂ ಕಾದು ಕೆಡುತ್ತವೆ.

ಡೀಸೆಲ್ ಚಿಮ್ಮುವ ಕೊಳವೆಯ ಬಾಯಿಗೆ ಕೈ ಒಡ್ಡಬೇಡಿ. ಅದು ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಓಡುವ ಫ್ಯಾನು, ಬೆಲ್ಟು, ಶಾಫ್ಟಿನ ಹತ್ತಿರ ಸೆರಗು, ಜಡೆ ಜಾರದಂತೆ ಕಟ್ಟಿಕೊಳ್ಳಿ.

ನೆನಪಿಡಿ

ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ.

ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಕೆಟ್ಟಿರುವುದು ಏನು? ಕೆಟ್ಟದ್ದನ್ನು ನನಗೆ ತೋರಿಸುತ್ತೀರಾ? ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇದೆಯೇ?

ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ರಸೀದಿ ಪಡೆಯಿರಿ. ರಸೀದಿಯನ್ನು ನೀವೇ ಓದಿ.

ಕಿಟ್ ಕೊಳ್ಳುವಾಗ ಡಬ್ಬದ ಮೇಲಿನ ವೋಲ್ಟ್ ಅಂಕಿಯನ್ನೂ, ಕೂಡಿಸುವ ಕಳೆಯುವ ಗುರುತನ್ನೂ ನಿಮ್ಮ ಗಾಡಿಯ ಬ್ಯಾಟರಿಯ ಜೊತೆ ಹೋಲಿಸಿ ನೋಡಿ.

ಯೋಚಿಸಿ, ಹೇಳಿ, ಬರೆಯಿರಿ

1. ಟಿಲ್ಲರಿನ ಅಕ್ಕನಿಗೆ ಎಲೆಕ್ಟ್ರಾನಿಕ್ ಕಿಡಿ ಯಾಕೆ ಬೇಡವಾಯಿತು?

2. ದೊಡ್ಡಮ್ಮ ಹಳೆಯ ಪಾಯಿಂಟನ್ನು ಯಾಕೆ ಎತ್ತಿಟ್ಟರು?

3. ಇಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಒಂದು ಗಂಟೆಗೆ ಎಷ್ಟು ಕಿಡಿ ಬೇಕು? ಲೆಕ್ಕ ಮಾಡಿ.

4. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾವ ಯಾವ ಇಂಜಿನ್ ಇವೆ? ಕಿಡಿ ಇರುವುದು ಯಾವುದು, ಇಲ್ಲದ್ದು ಯಾವುದು? ನೋಡಿ ಬಂದು ಪಟ್ಟಿ ಬರೆಯಿರಿ. ಮುಂದಿನ ತರಗತಿಯಲ್ಲಿ ಎಲ್ಲರಿಗೂ ಓದಿ ಹೇಳಿ.